ಎಷ್ಟು ಮಿಲಿವೋಲ್ಟ್ ನಡೆಯುತ್ತೆ?

ರಾತ್ರಿ ಒಂಬತ್ತೂವರೆ. ರೂಮ್‌ಮೇಟ್ ಫೋನ್ ಮಾಡಿದ. ‘ಮಗಾ, ಗಾಡಿ ಆಫ್ ಆಗೋಯ್ತು ಕಣೋ. ಮೀಟರ್‌ನಲ್ಲಿ ಇನ್ನೂ ಎರಡು ಕಡ್ಡಿ ಇದೆ, ಆದ್ರೂ ಎಳೀತಿಲ್ಲ.’ ಬೆನ್ನ ಮೇಲೆ ಡೆಲಿವರಿ ಬ್ಯಾಗು, ಅದರೊಳಗೆ ಯಾರದೋ ಬಿರಿಯಾನಿ, ಎದುರಿಗೆ ನಾಗರಬಾವಿಯ ಏರು. ಅರ್ಧ ಕಿಲೊಮೀಟರ್ ತಳ್ಳಿಕೊಂಡೇ ಹೋಗಿ ಆರ್ಡರ್ ಕೊಟ್ಟ. ತಡವಾಗಿದ್ದಕ್ಕೆ ಗಿರಾಕಿ ಒಂದೇ ಸ್ಟಾರ್ ಒತ್ತಿದರು. ಮಾರನೇ ದಿನ ಅವನ ಮುಖ ನೋಡಲು ನನಗೆ ನಾಚಿಕೆ. ಯಾಕೆಂದರೆ ಆ ಗಾಡಿಯ ಬ್ಯಾಟರಿ ಕಟ್ಟಿಕೊಟ್ಟವನು ನಾನೇ.

ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಾ ಕೂತವನು. ಸುಮ್ಮನೆ ಕೂರಲಾಗದೆ ಒಂದು ಬ್ಯಾಟರಿ ರಿಪೇರಿ ಅಂಗಡಿಗೆ ಸೇರಿಕೊಂಡೆ. ರೂಮ್‌ಮೇಟ್ ಹಗಲು ಪಿಎಸ್‌ಐ ಪರೀಕ್ಷೆಗೆ ಓದುತ್ತಾನೆ, ಸಂಜೆ ಡೆಲಿವರಿ ಮಾಡುತ್ತಾನೆ. ಅವನದು ಸೆಕೆಂಡ್ ಹ್ಯಾಂಡ್ ಲೋ ಸ್ಪೀಡ್ ಸ್ಕೂಟರ್. ಮೋಟಾರು 250 ವಾಟ್‌ನೊಳಗೆ, ವೇಗ ಗಂಟೆಗೆ 25 ಕಿಲೊಮೀಟರ್ ದಾಟುವುದಿಲ್ಲ. ಹಾಗಾಗಿ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಊರಿಂದ ಬಂದು ಬೆಂಗಳೂರಿನಲ್ಲಿ ರೂಮ್ ಬಾಡಿಗೆ ದುಡಿದುಕೊಳ್ಳಬೇಕಾದ ಹುಡುಗರಿಗೆ ಇದಕ್ಕಿಂತ ಸುಲಭದ ಗಾಡಿ ಇಲ್ಲ. ಅದರ ಬ್ಯಾಟರಿ ಸತ್ತಾಗ ಹೊಸ ಪ್ಯಾಕ್‌ನ ದರ ಕೇಳಿದೆವು. ಅವನು ಗಾಡಿಗೆ ಕೊಟ್ಟಷ್ಟೇ ದುಡ್ಡು! ‘ನೀನೇ ಏನಾದ್ರೂ ಮಾಡೋ’ ಅಂದ.

ಮಾಡಿದೆ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಬಿಚ್ಚಿ ತೆಗೆದ 52 ಸೆಲ್‌ಗಳು. ನಾಲ್ಕು ನಾಲ್ಕು ಸೆಲ್ ಪ್ಯಾರಲಲ್ ಸೇರಿಸಿ ಒಂದು ಗುಂಪು, ಅಂಥ 13 ಗುಂಪುಗಳು ಸೀರೀಸ್‌ನಲ್ಲಿ. ನಿಕಲ್ ಪಟ್ಟಿ ಇಟ್ಟು ಸ್ಪಾಟ್ ವೆಲ್ಡಿಂಗ್ ಮುಗಿಸಿ, ಬಿಎಂಎಸ್ ಜೋಡಿಸಿ, ಅಂಗಡಿಯ ಒಳ್ಳೆಯ ಮೀಟರ್‌ನಲ್ಲಿ ಒಂದೊಂದೇ ಗುಂಪಿನ ವೋಲ್ಟೇಜ್ ಅಳೆದೆ. ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ವ್ಯತ್ಯಾಸ 8 ಮಿಲಿವೋಲ್ಟ್. ಎಂಟೇ ಎಂಟು! ಫೋಟೊ ತೆಗೆದು ಸ್ಟೇಟಸ್ ಹಾಕಿಕೊಂಡೆ. ಅಂಗಡಿಯ ಅಣ್ಣ ಕೂಡ ‘ಇಪ್ಪತ್ತರೊಳಗಿದ್ರೆ ಕಣ್ಮುಚ್ಚಿ ಕೊಡಬೋದು’ ಅಂದರು. ಮೂರು ವಾರದ ಮೇಲೆ ಗಾಡಿ ಏರಿನಲ್ಲಿ ನಿಂತಾಗ ಅದೇ ಮೀಟರ್‌ನಲ್ಲಿ ಅಳೆದರೆ ಏಳನೇ ಗುಂಪು ಉಳಿದವುಗಳಿಗಿಂತ 130 ಮಿಲಿವೋಲ್ಟ್ ಕೆಳಗಿತ್ತು.

ಅಂಗಡಿಗೆ ಬರುವ ಎಂಜಿನಿಯರಿಂಗ್ ಕಾಲೇಜಿನ ಹುಡುಗರು, ಇ-ಸೈಕಲ್ ಪ್ರಾಜೆಕ್ಟ್ ಮಾಡುವವರು, ಮನೆಯ ಇನ್ವರ್ಟರ್‌ಗೆ ಲೀಥಿಯಂ ಪ್ಯಾಕ್ ಕಟ್ಟಿಕೊಳ್ಳುವವರು ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ. ‘ಸೆಲ್ ಸೆಲ್‌ಗೆ ಎಷ್ಟು ಮಿಲಿವೋಲ್ಟ್ ವ್ಯತ್ಯಾಸ ನಡೆಯುತ್ತೆ?’ ಎರಡು ಮಾರ್ಕಿನ ಪ್ರಶ್ನೆಗೆ ಬೇಕಾದ ಹಾಗೆ ಒಂದು ಸಂಖ್ಯೆ ಬೇಕು ಅವರಿಗೆ. ನನಗೂ ಬೇಕಿತ್ತು. ಸಂಖ್ಯೆ ಇದೆ, ಕೊಡುತ್ತೇನೆ. ಆದರೆ ಯಾವ ಸೆಲ್, ಎಷ್ಟು ಚಾರ್ಜ್ ಇರುವಾಗ, ಎಷ್ಟು ಹೊತ್ತು ಬಿಟ್ಟು ಅಳೆದದ್ದು, ಹೋದ ಸಲ ಎಷ್ಟಿತ್ತು, ಇವಿಷ್ಟು ಹೇಳದೆ ಬರೀ ಸಂಖ್ಯೆ ಹೇಳಿದರೆ ಅದು ಸುಳ್ಳು ಧೈರ್ಯ. ನನ್ನ ಎಂಟು ಮಿಲಿವೋಲ್ಟ್ ಅಂಥದ್ದೇ.

ಇದು ಬರೀ ನಮ್ಮ ರೂಮಿನ ಕಥೆ ಆಗಿದ್ದರೆ ಪತ್ರಿಕೆಗೆ ಬರೆಯುತ್ತಿರಲಿಲ್ಲ. 2022ರ ಬೇಸಿಗೆಯಲ್ಲಿ ದೇಶದ ಅಲ್ಲಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ ವಿಡಿಯೊಗಳನ್ನು ನಾವೆಲ್ಲ ಫಾರ್ವರ್ಡ್ ಮಾಡಿದವರೇ. ಅದೇ ವರ್ಷ ಸೆಪ್ಟೆಂಬರ್ 12ರಂದು ಸಿಕಂದರಾಬಾದ್‌ನಲ್ಲಿ ಎಲೆಕ್ಟ್ರಿಕ್ ಬೈಕ್ ಶೋರೂಮ್‌ನಲ್ಲಿ ಹತ್ತಿದ ಬೆಂಕಿಯ ಹೊಗೆ ಮೇಲಿನ ಲಾಡ್ಜ್‌ಗೆ ನುಗ್ಗಿ 8 ಜನ ಸತ್ತರು. ಕೇಂದ್ರ ಸಾರಿಗೆ ಸಚಿವಾಲಯ ತಜ್ಞರ ಸಮಿತಿ ನೇಮಿಸಿತು. ಎಐಎಸ್-156 ಎಂಬ ಸುರಕ್ಷತಾ ಮಾನದಂಡವನ್ನು ಬಿಗಿ ಮಾಡಿತು. 2022ರ ಡಿಸೆಂಬರ್ 1ರಿಂದ ಮೊದಲ ಹಂತ, 2023ರ ಮಾರ್ಚ್ 31ರಿಂದ ಎರಡನೇ ಹಂತ ಜಾರಿಗೆ ಬಂತು. ನೀರು ನುಗ್ಗದಂಥ ಪೆಟ್ಟಿಗೆ, ಬುದ್ಧಿ ಇರುವ ಬಿಎಂಎಸ್, ಸೆಲ್ ಎಲ್ಲಿಂದ ಬಂತು ಎಂಬ ದಾಖಲೆ, ಒಂದು ಸೆಲ್ ಉರಿದರೂ ಬೆಂಕಿ ಪಕ್ಕದ್ದಕ್ಕೆ ಹಬ್ಬುತ್ತದೆಯೇ ಎಂಬ ಪರೀಕ್ಷೆ. ಒಳ್ಳೆಯ ಕೆಲಸವೇ.

ಆದರೆ ಈ ನಿಯಮದ ಕಣ್ಣಿರುವುದು ಕಂಪನಿಯ ಗೇಟಿನ ಮೇಲೆ. ಹೊಸ ಮಾಡೆಲ್‌ಗೆ ಒಪ್ಪಿಗೆ ಸಿಕ್ಕಿತು, ಗಾಡಿ ರಸ್ತೆಗೆ ಬಂತು, ಮೂರ್ನಾಲ್ಕು ವರ್ಷ ಓಡಿತು, ವಾರಂಟಿ ಮುಗಿಯಿತು. ಆಮೇಲೆ? ಫೇಮ್-2 ಯೋಜನೆಯ ಸಬ್ಸಿಡಿ ಪಡೆದ ಗಾಡಿಗಳಿಗೆ ಬ್ಯಾಟರಿ ಸೇರಿ ಕನಿಷ್ಠ 3 ವರ್ಷದ ವಾರಂಟಿ ಕಡ್ಡಾಯವಿತ್ತು. ಆ ಯೋಜನೆ 2024ರ ಮಾರ್ಚ್‌ಗೆ ಮುಗಿಯಿತು. ಅಂದರೆ ಮೊದಮೊದಲು ಮಾರಾಟವಾದ ಗಾಡಿಗಳು ಈಗ ಒಂದೊಂದಾಗಿ ವಾರಂಟಿಯಿಂದ ಹೊರಬಿದ್ದು ನಮ್ಮಂಥ ಅಂಗಡಿಗಳ ಬಾಗಿಲಿಗೆ ಬರುತ್ತಿವೆ. ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು, 2017ರಲ್ಲಿ. ಬೇರೆ ಊರಿಗಿಂತ ಮೊದಲು ಹಳೆಯ ಬ್ಯಾಟರಿಗಳೂ ನಮ್ಮಲ್ಲೇ ರಾಶಿ ಬೀಳುತ್ತವೆ ಎಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ.

ಈಗ ಸಂಖ್ಯೆಗೆ ಬರೋಣ.

ಲ್ಯಾಪ್‌ಟಾಪ್‌ನಲ್ಲೂ ಬಹುತೇಕ ಸ್ಕೂಟರ್‌ಗಳಲ್ಲೂ ಇರುವುದು 18650 ಗಾತ್ರದ ಅಥವಾ ಅದರ ಅಣ್ಣನಂಥ ಸೆಲ್‌ಗಳು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಪೆನ್‌ಟಾರ್ಚಿನ ಸೆಲ್‌ಗಿಂತ ಸ್ವಲ್ಪ ದೊಡ್ಡದು. ಹೆಚ್ಚಿನವುಗಳ ಒಳಗಿನ ರಸಾಯನ ಎನ್‌ಎಂಸಿ ಅಥವಾ ಅದರ ನೆಂಟ. ಪೂರ್ತಿ ತುಂಬಿದಾಗ 4.2 ವೋಲ್ಟ್, ಅರ್ಧಕ್ಕೆ ಸುಮಾರು 3.7, 3ಕ್ಕೆ ಬಂದರೆ ಹೆಚ್ಚುಕಡಿಮೆ ಖಾಲಿ. ಮೇಲಿನ ಅರ್ಧದಲ್ಲಿ ಲೆಕ್ಕ ಸುಲಭ. 500 ಮಿಲಿವೋಲ್ಟ್‌ಗೆ ಶೇ 50ರಷ್ಟು ಚಾರ್ಜ್. ಅಂದರೆ 10 ಮಿಲಿವೋಲ್ಟ್‌ಗೆ ಸುಮಾರು ಶೇ 1.

ಹಾಗಾಗಿ ಇಂಥ ಸೆಲ್‌ಗಳ ಪ್ಯಾಕನ್ನು ಪೂರ್ತಿ ಚಾರ್ಜ್ ಮಾಡಿ, ರಾತ್ರಿಯಿಡೀ ಸುಮ್ಮನೆ ಬಿಟ್ಟು, ಬೆಳಿಗ್ಗೆ ಅಳೆದಾಗ ಗುಂಪುಗಳ ನಡುವೆ 10 ಮಿಲಿವೋಲ್ಟ್ ಇದ್ದರೆ ಬಹಳ ಚೆನ್ನ. 20-30 ಇದ್ದರೆ ಚಿಂತೆ ಇಲ್ಲ. 50 ಬಂದರೆ ಪುಸ್ತಕದಲ್ಲಿ ಬರೆದಿಟ್ಟು ಮುಂದಿನ ವಾರ ಮತ್ತೆ ಅಳೆಯಬೇಕು. 100 ದಾಟಿದರೆ ಪ್ಯಾಕ್ ಬಿಚ್ಚಿ ಕಾರಣ ಹುಡುಕದೆ ಯಾರಿಗೂ ಕೊಡಬಾರದು. ಇದು ಯಾವ ಸರ್ಕಾರಿ ಆದೇಶವೂ ಅಲ್ಲ, ಅಂಗಡಿಯ ಮೇಜಿನ ಮೇಲೆ ಕಲಿತ ಕೈಯಳತೆ. ಬೇರೆಯವರು 5-10 ಆಚೀಚೆ ಹೇಳಬಹುದು, ಜಗಳವಿಲ್ಲ.

ಗಾಡಿ ಓಡಿಸಿ ಬಂದ ತಕ್ಷಣ ಅಳೆದರೆ ಈ ಅಳತೆ ಕೆಲಸಕ್ಕೆ ಬರುವುದಿಲ್ಲ. ಕರೆಂಟ್ ಎಳೆಯುವಾಗ ಪ್ರತಿ ಸೆಲ್‌ನ ಒಳರೋಧಕ್ಕೆ ತಕ್ಕಂತೆ ವೋಲ್ಟೇಜ್ ಕುಸಿಯುತ್ತದೆ. ಮುದಿ ಸೆಲ್ ಜಾಸ್ತಿ ಕುಸಿಯುತ್ತದೆ. ಕೆಲವೊಮ್ಮೆ ಸೆಲ್‌ನದ್ದು ತಪ್ಪೇ ಇರುವುದಿಲ್ಲ, ಸರಿಯಾಗಿ ಕೂರದ ವೆಲ್ಡಿಂಗ್‌ನಲ್ಲಿ ವೋಲ್ಟೇಜ್ ಕಳೆದುಹೋಗಿರುತ್ತದೆ. ನಿಂತಾಗ ಸರಿಸಮ, ಓಡುವಾಗ ಮಾತ್ರ ಒಂದು ಗುಂಪು ಹಿಂದೆ ಅಂದರೆ ಮೊದಲು ಪಟ್ಟಿ ಮತ್ತು ವೆಲ್ಡಿಂಗ್ ನೋಡಬೇಕು. ನಿಂತಾಗಲೂ ಹಿಂದೆ ಅಂದರೆ ಸೆಲ್‌ನ ಹಣೆಬರಹ. ಚಾರ್ಜ್ ತಳಕ್ಕೆ ಬಂದಾಗಲೂ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ, ಯಾಕೆಂದರೆ ಅಲ್ಲಿ ವೋಲ್ಟೇಜ್ ಜಾರುಬಂಡೆಯಂತೆ ಇಳಿಯುತ್ತದೆ. ಅದನ್ನು ನೋಡಿ ಹೆದರಿ ಒಳ್ಳೆಯ ಪ್ಯಾಕ್ ಬಿಚ್ಚಿದವರೂ ಇದ್ದಾರೆ.

ಇ-ರಿಕ್ಷಾ ಮತ್ತು ಮನೆ ಇನ್ವರ್ಟರ್ ಪ್ಯಾಕ್‌ಗಳಲ್ಲಿ ಹೆಚ್ಚಾಗಿ ಕಾಣುವ ಎಲ್‌ಎಫ್‌ಪಿ, ಅಂದರೆ ಕಬ್ಬಿಣ-ಫಾಸ್ಫೇಟ್ ಸೆಲ್‌ಗಳದ್ದು ಬೇರೆಯೇ ಸ್ವಭಾವ. ಶೇ 30ರಿಂದ 90ರವರೆಗೆ ಅದರ ವಿಶ್ರಾಂತಿಯ ವೋಲ್ಟೇಜ್ ಬದಲಾಗುವುದು ಒಟ್ಟು ಸುಮಾರು 50 ಮಿಲಿವೋಲ್ಟ್ ಮಾತ್ರ. ಬಯಲುಸೀಮೆಯ ರಸ್ತೆ ಇದ್ದ ಹಾಗೆ, ಎಷ್ಟು ದೂರ ಬಂದೆವು ಎಂದು ಎತ್ತರ ನೋಡಿ ಹೇಳಲಾಗದು. ‘ನನ್ನ ಪ್ಯಾಕ್‌ನಲ್ಲಿ 10 ಮಿಲಿವೋಲ್ಟ್ ಮಾತ್ರ ವ್ಯತ್ಯಾಸ’ ಎಂದು ಎಲ್‌ಎಫ್‌ಪಿಯವರು ಬೀಗಿದರೆ, ಆ ಹತ್ತರ ಹಿಂದೆ ಶೇ 10ಕ್ಕಿಂತ ಹೆಚ್ಚು ಚಾರ್ಜ್‌ನ ಅಂತರ ಅಡಗಿರಬಹುದು. ಅಲ್ಲಿ ಅಳೆಯಬೇಕಾದ್ದು ತುದಿಯಲ್ಲಿ, ಚಾರ್ಜ್ ಮುಗಿಯುತ್ತಾ ಸೆಲ್ 3.45 ದಾಟುವಾಗ. ಆಗ 50 ಮಿಲಿವೋಲ್ಟ್ ಕಂಡರೂ ಗಾಬರಿ ಬೇಡ, ಆ ಜಾಗದಲ್ಲಿ ಚೂರು ಚಾರ್ಜ್‌ಗೇ ವೋಲ್ಟೇಜ್ ಜಿಗಿಯುತ್ತದೆ. ಒಂದೇ ಸಂಖ್ಯೆ ಒಂದು ಕಡೆ ಕಾಯಿಲೆ, ಇನ್ನೊಂದು ಕಡೆ ಆರೋಗ್ಯ.

ಇನ್ನು ಮೀಟರ್. ರಸ್ತೆಬದಿಯ ಅಂಗಡಿಗಳಲ್ಲೂ ಕಾಲೇಜು ಲ್ಯಾಬಿನಲ್ಲೂ ಇರುವ ಆ ಹಳದಿ ಅಗ್ಗದ ಮಲ್ಟಿಮೀಟರ್ 20 ವೋಲ್ಟ್ ರೇಂಜ್‌ನಲ್ಲಿ ತೋರಿಸುವುದು 4.15, 4.16 ಹೀಗೆ. ಕೊನೆಯ ಅಂಕಿ ಒಂದು ಹೆಜ್ಜೆ ಇಟ್ಟರೇ 10 ಮಿಲಿವೋಲ್ಟ್. ಅದರಲ್ಲಿ ಅಳೆದು ‘5 ಮಿಲಿವೋಲ್ಟ್ ಮ್ಯಾಚಿಂಗ್ ಸಾರ್’ ಎನ್ನುವವರನ್ನು ಕಂಡರೆ ನಗು ಬರುತ್ತದೆ. ಬಿಡಿ ಸೆಲ್‌ಗಳಾದರೆ ಒಂದು ಉಪಾಯವಿದೆ. ಎರಡು ಸೆಲ್‌ಗಳ ಮೈನಸ್ ತುದಿಗಳನ್ನು ಮಾತ್ರ ಒಂದು ವೈರಿನಿಂದ ಸೇರಿಸಿ, ಪ್ಲಸ್ ಮತ್ತು ಪ್ಲಸ್ ನಡುವೆ ಮೀಟರ್ ಇಡಿ. ವ್ಯತ್ಯಾಸವೇ ನೇರವಾಗಿ ಕಾಣುತ್ತದೆ. ವೋಲ್ಟೇಜ್‌ನ ಕೆಳಗಿನ ರೇಂಜ್‌ಗೆ ತಿರುಗಿಸಿದರೆ ಅಗ್ಗದ ಮೀಟರೂ ಒಂದೊಂದು ಮಿಲಿವೋಲ್ಟ್ ಹೇಳುತ್ತದೆ. ಇದು ನನಗೆ ಯಾವ ಲ್ಯಾಬ್ ಮ್ಯಾನುಯಲ್‌ನಲ್ಲೂ ಸಿಕ್ಕಿರಲಿಲ್ಲ. ಕೈಯಲ್ಲಿ ಆಂಪಿಯರ್ ರೇಂಜ್ ಮಾತ್ರ ಇರದಿರಲಿ, ಆಗ ಮೀಟರೇ ಶಾರ್ಟ್ ಆಗುತ್ತದೆ. ನಾನು ಒಂದು ಮೀಟರಿನ ಫ್ಯೂಸ್ ಸುಟ್ಟೇ ಕಲಿತಿದ್ದು.

ಪ್ಯಾರಲಲ್ ಜೋಡಿಸುವಾಗ ಪ್ರಶ್ನೆಯ ರೂಪವೇ ಬದಲಾಗುತ್ತದೆ. ಸೀರೀಸ್‌ನಲ್ಲಿ ವ್ಯತ್ಯಾಸ ನಿಧಾನವಾಗಿ ಕಾಡುವ ಕಾಯಿಲೆ. ಪ್ಯಾರಲಲ್‌ನಲ್ಲಿ ಅದು ಆ ಕ್ಷಣದ ಕರೆಂಟ್. 4.1 ವೋಲ್ಟ್‌ನ ಸೆಲ್ಲನ್ನು 3.7ರ ಸೆಲ್ಲಿಗೆ ತಾಗಿಸಿದಿರಿ ಎನ್ನಿ. ತಲಾ 50 ಮಿಲಿಓಮ್ ಒಳರೋಧ ಇದ್ದರೆ ಓಮ್‌ನ ನಿಯಮದಂತೆ 0.4 ಭಾಗಿಸು 0.1, ಅಂದರೆ 4 ಆಂಪಿಯರ್ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ಹಳೆಯ ಲ್ಯಾಪ್‌ಟಾಪ್ ಸೆಲ್ಲಿಗೆ ನಾವು ಚಾರ್ಜ್ ಕೊಡುವುದೇ 1 ಆಂಪಿಯರ್ ಆಸುಪಾಸಿನಲ್ಲಿ. ಅದೇ ವ್ಯತ್ಯಾಸ 40 ಮಿಲಿವೋಲ್ಟ್ ಇದ್ದರೆ ಹರಿಯುವುದು 0.4 ಆಂಪಿಯರ್, ಸೆಲ್ಲಿಗೆ ಅದು ಲೆಕ್ಕಕ್ಕಿಲ್ಲ. ಆದ್ದರಿಂದ ಬಿಡಿ ಸೆಲ್ ಪ್ಯಾರಲಲ್‌ಗೆ 50 ಮಿಲಿವೋಲ್ಟ್ ಒಳಗಿದ್ದರೆ ಸಾಕು. ಅದರ ಮೇಲಿದ್ದರೆ ಚಾರ್ಜ್ ಮಾಡಿ ಸಮ ಮಾಡಿಕೊಂಡೇ ಮುಂದುವರಿಯಬೇಕು.

ನಿಜವಾದ ಅಪಾಯ ಇರುವುದು ಪೂರ್ತಿ ಪ್ಯಾಕ್‌ಗಳನ್ನೇ ಜೋಡಿಸುವಾಗ. ಡೆಲಿವರಿ ಹುಡುಗರಲ್ಲಿ ಈಗೊಂದು ಹೊಸ ಚಾಳಿ, ಇನ್ನಷ್ಟು ದೂರ ಓಡಲಿ ಎಂದು ಸೀಟಿನ ಕೆಳಗೆ ಇನ್ನೊಂದು ಪ್ಯಾಕ್ ಇಟ್ಟು ವೈರ್‌ಗೆ ವೈರ್ ಸೇರಿಸುವುದು. ಒಂದು ತುಂಬಿ 54 ವೋಲ್ಟ್, ಇನ್ನೊಂದು ಓಡಿ ಬಂದು 48. ನಾನು ಕಟ್ಟಿದಂಥ ಪ್ಯಾಕ್‌ಗಳಾದರೆ ಎರಡರ ಒಳರೋಧ ಸೇರಿ ಓಮ್‌ನ ಮೂರನೇ ಒಂದು ಭಾಗ. 6 ವೋಲ್ಟ್‌ಗೆ 18 ಆಂಪಿಯರ್! 8 ಆಂಪಿಯರ್-ಅವರ್‌ನ ಪ್ಯಾಕ್‌ಗೆ ಅದು ಚಾರ್ಜ್ ಅಲ್ಲ, ಹಿಂಸೆ. ಎಐಎಸ್-156 ಇದನ್ನು ಗಮನಿಸಿದೆ. ಪ್ಯಾರಲಲ್ ಸಾಲುಗಳ ನಡುವೆ ಹೀಗೆ ಸುತ್ತುವ ಕರೆಂಟನ್ನು ತಡೆಯುವ ಸರ್ಕ್ಯೂಟ್ ಇರಬೇಕು ಎನ್ನುತ್ತದೆ. ಕಂಪನಿಗೆ ಆ ನಿಯಮ ಗೊತ್ತು. ಸೀಟಿನ ಕೆಳಗೆ ಇನ್ಸುಲೇಶನ್ ಟೇಪ್ ಸುತ್ತುವ ಹುಡುಗನಿಗೆ ಗೊತ್ತಿಲ್ಲ.

‘ಬಿಎಂಎಸ್ ಇದೆಯಲ್ಲ, ಅದೇ ಬ್ಯಾಲೆನ್ಸ್ ಮಾಡ್ಕೊಳುತ್ತೆ ಬಿಡು’ ಎನ್ನುವುದು ನಮ್ಮ ವೃತ್ತಿಯ ದೊಡ್ಡ ಮೂಢನಂಬಿಕೆ. ನಾನೂ ನಂಬಿದ್ದೆ. ರೂಮ್‌ಮೇಟ್‌ನ ಪ್ಯಾಕ್‌ನಲ್ಲಿ ಆದದ್ದು ಇಷ್ಟು. ಏಳನೇ ಗುಂಪಿನ ನಾಲ್ಕು ಸೆಲ್‌ಗಳಲ್ಲಿ ಒಂದು ಒಳಗೊಳಗೇ ಸೋರುತ್ತಿತ್ತು. ಸೋರಿಕೆ 2 ಮಿಲಿಆಂಪಿಯರ್ ಅಂದುಕೊಳ್ಳಿ, ಒಂದು ಪುಟ್ಟ ಎಲ್‌ಇಡಿ ಮಂಕಾಗಿ ಉರಿಯುವಷ್ಟು. ದಿನಕ್ಕೆ 48 ಮಿಲಿಆಂಪಿಯರ್-ಅವರ್. 21 ದಿನಕ್ಕೆ ಒಂದು ಪೂರ್ತಿ ಆಂಪಿಯರ್-ಅವರ್. ಎಂಟರಲ್ಲಿ ಒಂದು ಹೋಯಿತು, ಅಂದರೆ ಶೇ 12-13. ಶೇ 1ಕ್ಕೆ 10 ಮಿಲಿವೋಲ್ಟ್ ಲೆಕ್ಕದಲ್ಲಿ ಮೀಟರ್‌ನಲ್ಲಿ ಕಂಡ 130ಕ್ಕೆ ಸರಿಯಾಗಿ ಹೊಂದುತ್ತದೆ.

ಬಿಎಂಎಸ್ ಏನು ಮಾಡುತ್ತಿತ್ತು? ಅಗ್ಗದ ಬಿಎಂಎಸ್ ಬ್ಯಾಲೆನ್ಸ್ ಮಾಡುವುದೆಂದರೆ ಮುಂದಿರುವ ಗುಂಪುಗಳ ಚಾರ್ಜನ್ನು ಸಣ್ಣ ರೆಸಿಸ್ಟರ್‌ನಲ್ಲಿ ಸುಡುವುದು. ಅದೂ 50 ಮಿಲಿಆಂಪಿಯರ್ ಆಸುಪಾಸಿನಲ್ಲಿ, ಅದೂ ಸೆಲ್ ತುಂಬುವ ಹೊತ್ತಿನಲ್ಲಿ ಮಾತ್ರ. ರೂಮ್‌ಮೇಟ್ ಹಸಿರು ದೀಪ ಬಂದ ಅರ್ಧ ಗಂಟೆಯೊಳಗೆ ಪ್ಲಗ್ ಕಿತ್ತು ಓಡುವವನು. ಅರ್ಧ ಗಂಟೆಗೆ 25 ಮಿಲಿಆಂಪಿಯರ್-ಅವರ್ ಸರಿಹೋಗುತ್ತದೆ, ದಿನಕ್ಕೆ 48 ಸೋರುತ್ತದೆ. ತೂತಿನ ಕೊಡಕ್ಕೆ ಲೋಟದಲ್ಲಿ ನೀರು. ಆ ಒಂದು ಆಂಪಿಯರ್-ಅವರ್ ಅಂತರವನ್ನು ಮುಚ್ಚಲು, ಸೋರಿಕೆ ನಿಂತೇ ಹೋದರೂ, 20 ಗಂಟೆ ಚಾರ್ಜರ್ ಸಿಕ್ಕಿಸಿಯೇ ಇಡಬೇಕು.

ಹಸಿರು ದೀಪದ ಬಗ್ಗೆಯೂ ಒಂದು ಮಾತು. 13 ಗುಂಪಿನ ಪ್ಯಾಕ್‌ನ ಚಾರ್ಜರ್ ನೋಡುವುದು ಒಟ್ಟು 54.6 ವೋಲ್ಟ್ ಆಯಿತೇ ಎಂದು ಮಾತ್ರ. ಏಳನೆಯದು 4.05ರಲ್ಲಿ ನಿಂತರೆ ಉಳಿದ ಹನ್ನೆರಡು 4.21ಕ್ಕೆ ಏರಿ ಮೊತ್ತ ತುಂಬಿಸುತ್ತವೆ. ಬಿಎಂಎಸ್ ತಡೆಯುವುದು ಸಾಮಾನ್ಯವಾಗಿ 4.25ರಲ್ಲಿ. ಲೆಕ್ಕ ಹಾಕಿ ನೋಡಿ, ಹಿಂದುಳಿದ ಗುಂಪು 3.6ಕ್ಕೆ ಕುಸಿಯುವವರೆಗೂ, ಅಂದರೆ ಅಂತರ 650 ಮಿಲಿವೋಲ್ಟ್ ಮುಟ್ಟುವವರೆಗೂ ಚಾರ್ಜರ್ ‘ಎಲ್ಲ ಸರಿ ಇದೆ’ ಎಂದು ಹಸಿರು ತೋರಿಸಬಹುದು. ಅಷ್ಟರಲ್ಲಿ ಒಳ್ಳೆಯ ಹನ್ನೆರಡು ಗುಂಪುಗಳು ದಿನವೂ ಮಿತಿ ಮೀರಿ ಚಾರ್ಜ್ ಆಗಿರುತ್ತವೆ. ಇಳಿಯುವಾಗ ಮಾತ್ರ ದುರ್ಬಲ ಗುಂಪೇ ಮೊದಲು ತಳ ಮುಟ್ಟಿ, ಬಿಎಂಎಸ್ ಇಡೀ ಪ್ಯಾಕನ್ನು ಆಫ್ ಮಾಡುತ್ತದೆ. ಮೀಟರ್‌ನಲ್ಲಿ ಎರಡು ಕಡ್ಡಿ ಇದ್ದೂ ಗಾಡಿ ನಿಂತ ರಹಸ್ಯ ಇದೇ. ಅಂದು ರಾತ್ರಿ ಅವನಿಗೆ ಬೈಗುಳ ತಿನ್ನಿಸಿದ ಆ ಬಿಎಂಎಸ್, ನಿಜ ಹೇಳಬೇಕೆಂದರೆ, ನನಗೆ ಎಚ್ಚರಿಕೆ ಕೊಟ್ಟ ಏಕೈಕ ವಸ್ತು.

ನನ್ನ ತಪ್ಪು ಎಲ್ಲಿ ಅಂದರೆ, ಸೆಲ್‌ಗಳನ್ನು ಚಾರ್ಜ್ ಮಾಡಿದ ಸಂಜೆಯೇ ಅಳೆದು, ಅಂದೇ ವೆಲ್ಡ್ ಮಾಡಿದ್ದು. ಚಾರ್ಜರ್‌ನಿಂದ ಈಗಷ್ಟೇ ಇಳಿದ ಸೆಲ್‌ಗಳೆಲ್ಲ ಒಂದೇ ವೋಲ್ಟೇಜ್ ತೋರಿಸದೆ ಇನ್ನೇನು ತೋರಿಸುತ್ತವೆ? ಅದು ಚಾರ್ಜರ್‌ನ ಗುಣ, ಸೆಲ್‌ನದ್ದಲ್ಲ. ಸೆಲ್‌ಗಳನ್ನು ತುಂಬಿಸಿ, ಮೈಮೇಲೆ ತಾರೀಖು ಮತ್ತು ವೋಲ್ಟೇಜ್ ಬರೆದು, ಎರಡು ಮೂರು ವಾರ ಶೆಲ್ಫ್‌ನಲ್ಲಿ ಇಟ್ಟು ಮತ್ತೆ ಅಳೆಯಬೇಕಿತ್ತು. ಸೋರುವ ಸೆಲ್ ತಾನಾಗಿಯೇ ಕೈ ಎತ್ತುತ್ತಿತ್ತು. ಒಮ್ಮೆ ಪ್ಯಾರಲಲ್ ಗುಂಪಿಗೆ ಬೆಸೆದ ಮೇಲೆ ಯಾವುದು ಕಳ್ಳ ಎಂದು ಮೀಟರ್ ಹೇಳಲಾರದು, ನಾಲ್ಕೂ ಒಂದೇ ವೋಲ್ಟೇಜ್ ತೋರಿಸುತ್ತವೆ. ಹಾಗೆಯೇ ಗುಜರಿಯಲ್ಲಿ 2 ವೋಲ್ಟ್‌ಗಿಂತ ಕೆಳಗೆ ತಿಂಗಳುಗಟ್ಟಲೆ ಬಿದ್ದಿದ್ದ ಸೆಲ್‌ಗಳನ್ನು ‘ಜೀವ ಬರಿಸಿ’ ಸೇರಿಸುವವರಿದ್ದಾರೆ. ಅಷ್ಟು ಕೆಳಗಿಳಿದ ಸೆಲ್‌ನಲ್ಲಿ ತಾಮ್ರದ ಹಾಳೆ ಕರಗಲು ಶುರುವಾಗಿ, ಮತ್ತೆ ಚಾರ್ಜ್ ಮಾಡಿದಾಗ ಒಳಗೇ ಶಾರ್ಟ್‌ಗೆ ದಾರಿಯಾಗಬಹುದು. 4.2 ತೋರಿಸುತ್ತದೆ, ಮ್ಯಾಚಿಂಗ್ ಸೊಗಸಾಗಿರುತ್ತದೆ, ಬಾಂಬ್ ಕೂಡ ಸೊಗಸಾಗಿರುತ್ತದೆ.

ನ್ಯೂಯಾರ್ಕ್ ನಗರ ಈ ದಾರಿಯಲ್ಲಿ ನಮಗಿಂತ ಮುಂದೆ ನಡೆದಿದೆ. ಅಲ್ಲಿಯೂ ಕಥೆಯ ನಡುವೆ ಇರುವುದು ಡೆಲಿವರಿ ಹುಡುಗರೇ, ಇ-ಬೈಕ್, ಇಕ್ಕಟ್ಟಿನ ಮನೆ, ರಾತ್ರಿ ಚಾರ್ಜಿಂಗ್. 2023ರಲ್ಲಿ ಲೀಥಿಯಂ ಬ್ಯಾಟರಿ ಬೆಂಕಿಗೆ ಆ ಒಂದು ನಗರದಲ್ಲೇ 18 ಜನ ಸತ್ತರು. ಅದೇ ವರ್ಷ ನಗರಸಭೆ ಎರಡು ಕಾನೂನು ತಂದಿತು. ಪ್ರಮಾಣಪತ್ರ ಇಲ್ಲದ ಇ-ಬೈಕ್ ಮತ್ತು ಬ್ಯಾಟರಿ ಮಾರುವಂತಿಲ್ಲ ಎಂಬುದು ಒಂದು. ಹಳೆಯ ಬ್ಯಾಟರಿಗಳಿಂದ ಕಿತ್ತ ಸೆಲ್‌ಗಳಿಂದ ಪ್ಯಾಕ್ ಕಟ್ಟುವಂತಿಲ್ಲ, ಮಾರುವಂತಿಲ್ಲ ಎಂಬುದು ಇನ್ನೊಂದು. ಅಂದರೆ ನಾನು ಮಾಡಿದ ಕೆಲಸ ಅಲ್ಲಿ ಅಪರಾಧ.

ಇಲ್ಲೂ ನಿಷೇಧ ಬರಬೇಕೇ? ಅಂಗಡಿಯ ಅಣ್ಣನನ್ನು ಕೇಳಿದರೆ ಹೊಟ್ಟೆಪಾಡಿನ ಮಾತು ಬರುತ್ತದೆ, ಸಹಜ. ನನ್ನ ಅಭಿಪ್ರಾಯವೂ ನಿಷೇಧದ ಕಡೆ ಇಲ್ಲ, ಆದರೆ ಕಾರಣ ಬೇರೆ. ಹೊಸ ಪ್ಯಾಕ್‌ನ ಬೆಲೆ ಹೀಗೇ ಇರುವವರೆಗೆ ಹಳೆಯ ಸೆಲ್‌ನ ಪ್ಯಾಕ್ ಕಟ್ಟುವುದು ನಿಲ್ಲುವುದಿಲ್ಲ. ಶಟರ್ ಎಳೆದುಕೊಂಡು ಒಳಗೆ ಕಟ್ಟುತ್ತಾರೆ, ಅಷ್ಟೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಹಳೆಯ ಬ್ಯಾಟರಿಯನ್ನು ಮತ್ತೆ ಬಳಕೆಗೆ ತರುವವರೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು ಎಂದಿದೆ. ಅಂದರೆ ನಮ್ಮಂಥವರು ಇದ್ದೇವೆ ಎಂದು ಕಾನೂನು ಒಪ್ಪಿಕೊಂಡಿದೆ. ಆದರೆ ಅದರ ಮುಖ್ಯ ಚಿಂತೆ ಕಸದ ಲೆಕ್ಕ. ಕಟ್ಟಿದ ಪ್ಯಾಕ್ ಯಾರ ಮಂಚದ ಪಕ್ಕದಲ್ಲಿ ಚಾರ್ಜ್ ಆಗುತ್ತಿದೆ ಎಂಬುದಲ್ಲ. ಪ್ರತಿ ರಿಪೇರಿ ಪ್ಯಾಕ್‌ನ ಜೊತೆ ಒಂದು ಚೀಟಿ ಕಡ್ಡಾಯವಾಗಲಿ ಎಂಬುದು ನನ್ನ ಆಸೆ. ಕಟ್ಟುವ ಮೊದಲು ಸೆಲ್‌ಗಳು ಎಷ್ಟು ದಿನ ಶೆಲ್ಫ್‌ನಲ್ಲಿದ್ದವು, ಕಟ್ಟಿದ ದಿನ ಪ್ರತಿ ಗುಂಪಿನ ವೋಲ್ಟೇಜ್ ಎಷ್ಟು, ಮೂರು ವಾರದ ನಂತರ ಎಷ್ಟು. ಇದಕ್ಕೆ ಕೋಟಿಗಟ್ಟಲೆಯ ಲ್ಯಾಬ್ ಬೇಡ. ಒಂದು ಒಳ್ಳೆಯ ಮೀಟರ್, ಒಂದು ಪೆನ್ನು. ಬೇಕಾದದ್ದು ಮೂರು ವಾರ ಕಾಯುವ ಗಿರಾಕಿ, ಅದೇ ಕಷ್ಟ.

ಕೆಲಸ ಹುಡುಕುತ್ತಿರುವವರು ಇದನ್ನು ಓದುತ್ತಿದ್ದರೆ ನಿಮಗೊಂದು ಸುದ್ದಿ. ಐಟಿಐಗಳಲ್ಲಿ ಈಗ ‘ಮೆಕ್ಯಾನಿಕ್ ಎಲೆಕ್ಟ್ರಿಕ್ ವೆಹಿಕಲ್’ ಎಂಬ ಟ್ರೇಡ್ ಇದೆ. ಕಾಲೇಜಿನಲ್ಲಿ ನಾವು ಕಿರ್ಚಾಫ್ ನಿಯಮಕ್ಕೆ ಹತ್ತು ಮಾರ್ಕಿನ ಉತ್ತರ ಬರೆದವರು, ಆದರೆ ಎರಡು ಬ್ಯಾಟರಿ ಪ್ಯಾರಲಲ್ ಸೇರಿಸುವ ಮೊದಲು ಅದನ್ನು ಬಳಸಿದವರು ಎಷ್ಟು ಜನ? ಹೋದ ತಿಂಗಳು ಒಂದು ಬ್ಯಾಟರಿ ಕಂಪನಿಯ ಸಂದರ್ಶನಕ್ಕೆ ಹೋಗಿದ್ದೆ. ‘ಸೆಲ್ ಇಂಬ್ಯಾಲೆನ್ಸ್ ಎಷ್ಟಿದ್ದರೆ ರಿಜೆಕ್ಟ್ ಮಾಡುತ್ತೀರಿ?’ ಎಂದು ಕೇಳಿದರು. ‘ಸರ್, ಯಾವ ಕೆಮಿಸ್ಟ್ರಿ? ಎಷ್ಟು ಚಾರ್ಜ್‌ನಲ್ಲಿ? ಎಷ್ಟು ಹೊತ್ತು ರೆಸ್ಟ್ ಕೊಟ್ಟು?’ ಎಂದು ತಿರುಗಿ ಕೇಳಿದೆ. ಮೇಜಿನಾಚೆ ಇದ್ದವರು ಪೆನ್ನು ಕೆಳಗಿಟ್ಟು ನೇರ ಕೂತರು. ಕೆಲಸ ಸಿಕ್ಕಿತೇ ಎಂದು ಕೇಳಬೇಡಿ, ಇನ್ನೂ ಮೇಲ್ ಬಂದಿಲ್ಲ.

ರೂಮ್‌ಮೇಟ್‌ನ ಪ್ಯಾಕ್ ಬಿಚ್ಚಿದೆ. ಏಳನೇ ಗುಂಪಿನ ನಾಲ್ಕು ಸೆಲ್‌ಗಳನ್ನು ಬೇರೆ ಮಾಡಿ, ತುಂಬಿಸಿ, ಶೆಲ್ಫ್ ಮೇಲಿಟ್ಟು ಎರಡು ವಾರ ಕಾದೆ. ಮೂರು ಅಲುಗಲಿಲ್ಲ. ನಾಲ್ಕನೆಯದು 3.9ಕ್ಕೂ ಕೆಳಗಿಳಿದಿತ್ತು. ಆ ಎರಡು ವಾರ ಅವನಿಗೆ ಡೆಲಿವರಿ ಇಲ್ಲ, ದುಡಿಮೆ ಇಲ್ಲ. ಆ ತಿಂಗಳ ಬಾಡಿಗೆಯಲ್ಲಿ ಅವನ ಪಾಲನ್ನೂ ನಾನೇ ಕೊಟ್ಟೆ, ಕೊಡದೆ ಇನ್ನೇನು. ಅದಕ್ಕಿಂತ ಹೆಚ್ಚು ನಿದ್ದೆಗೆಡಿಸಿದ್ದು ಬೇರೆ. ಮೂರು ವಾರ ಆ ಸೋರುವ ಸೆಲ್ ಇದ್ದ ಪ್ಯಾಕ್ ಪ್ರತಿರಾತ್ರಿ ಚಾರ್ಜ್ ಆದದ್ದು ನಮ್ಮ ಒಂದೇ ಕೋಣೆಯ ಒಂದೇ ಬಾಗಿಲ ಪಕ್ಕದಲ್ಲಿ. ಒಳಗೆ ನಾವು ಮೂವರು ಮಲಗಿದ್ದೆವು. ಏನಾದರೂ ಆಗಿದ್ದರೆ ಹೊರಗೆ ಹೋಗಲು ಇದ್ದದ್ದು ಅದೇ ಬಾಗಿಲು.

ಈಗ ಚಾರ್ಜಿಂಗ್ ತಾರಸಿಯ ನೀರಿನ ಟ್ಯಾಂಕ್ ಕೆಳಗೆ. ಓನರ್ ಆಂಟಿಗೆ ಕರೆಂಟ್ ಬಿಲ್‌ಗೆಂದು ತಿಂಗಳಿಗೆ ಇನ್ನೂರು ಜಾಸ್ತಿ ಕೊಡುತ್ತೇವೆ. ಪ್ಯಾಕ್‌ನ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ, ಹದಿಮೂರು ಸಾಲು, ಪ್ರತಿ ಭಾನುವಾರಕ್ಕೊಂದು ಕಾಲಂ. ಅಳೆಯುವುದನ್ನು ಅವನಿಗೇ ಕಲಿಸಿದ್ದೇನೆ. ಮೊನ್ನೆ ಫೋನ್ ಮಾಡಿದ. ‘ಮಗಾ, ಇವತ್ತು ನಲವತ್ತೆರಡು ಬಂತು. ಹೋದ ವಾರ ಹದಿನಾಲ್ಕಿತ್ತು. ಬಿಚ್ಬೇಕಾ?’

‘ಗಾಡಿ ಓಡಿಸ್ಕೊಂಡು ಬಂದು ಎಷ್ಟೊತ್ತಾಯ್ತು?’ ಅಂತ ಕೇಳಿದೆ.

‘ಈಗಷ್ಟೇ ಸ್ಟ್ಯಾಂಡ್ ಹಾಕ್ದೆ.’

‘ಹೋಗಿ ಊಟ ಮಾಡು. ಚಾರ್ಜ್‌ಗೆ ಹಾಕಿ ಬೆಳಿಗ್ಗೆ ಅಳಿ.’